ಡೆನೆಥೋರನ ಲೆಕ್ಕ ತಪ್ಪಿದ್ದು ಎಲ್ಲಿ?



ಕಳೆದ ತಿಂಗಳು ನಮ್ಮ ಯುವಕೂಟದವರೆಲ್ಲ ಚರ್ಚ್ ಹಾಲಿನಲ್ಲಿ ಕುಳಿತು 'ದ ಲಾರ್ಡ್ ಆಫ್ ದ ರಿಂಗ್ಸ್' ಸರಣಿಯ ಮೂರನೆಯ ಸಿನಿಮಾ ನೋಡಿದೆವು. 2003ರಲ್ಲಿ ಬಂದ, 11 ಆಸ್ಕರ್ ಗೆದ್ದ ಪೀಟರ್ ಜಾಕ್ಸನ್ ಅವರ ಸಿನಿಮಾ ಅದು. ಅದರಲ್ಲಿ ಡೆನೆಥೋರ್ ಎಂಬ ಆಡಳಿತಗಾರ ಒಬ್ಬನೇ ಕುಳಿತು ಊಟ ಮಾಡುವ ದೃಶ್ಯ ನಿಮಗೆ ನೆನಪಿರಬಹುದು. ಅತ್ತ ಅವನ ಮಗ ಫರಾಮಿರ್ ಕುದುರೆ ಏರಿ ಸಾವಿನ ಕಡೆಗೇ ಹೋಗುತ್ತಿದ್ದಾನೆ, ಇತ್ತ ಅಪ್ಪ ಟೊಮೇಟೊ ಕಚ್ಚುತ್ತಿದ್ದಾನೆ, ಗಲ್ಲದ ಮೇಲೆ ಕೆಂಪು ರಸ ಇಳಿಯುತ್ತಿದೆ. ಹಾಲಿನಲ್ಲಿ ಇದ್ದವರೆಲ್ಲ 'ಥೂ' ಅಂದರು. ಮುಂದೆ ಗ್ಯಾಂಡಾಲ್ಫ್ ತನ್ನ ಕೋಲಿನಿಂದ ಅವನಿಗೆ ಬಾರಿಸಿದಾಗ ಚಿಕ್ಕ ಮಕ್ಕಳು ಚಪ್ಪಾಳೆ ತಟ್ಟಿದರು.

ಸಿನಿಮಾ ಮುಗಿದ ಮೇಲೆ ಚಹಾ ಕುಡಿಯುತ್ತಾ ಮಾತಾಡಿದಾಗ ಎಲ್ಲರದೂ ಒಂದೇ ತೀರ್ಪು: ಡೆನೆಥೋರ್ ಹುಚ್ಚ, ಹೇಡಿ, ಯುದ್ಧ ಗೊತ್ತಿಲ್ಲದ ಮೂರ್ಖ. ನಮ್ಮಲ್ಲಿ ಪುಸ್ತಕ ಓದಿದ್ದ ಮೂರು ನಾಲ್ಕು ಜನ ಮಾತ್ರ ಒಪ್ಪಲಿಲ್ಲ. ಆ ರಾತ್ರಿ ಶುರುವಾದ ವಾದ ಇನ್ನೂ ಮುಗಿದಿಲ್ಲ. ಅದಕ್ಕೇ ಬರೆದೇ ಬಿಡೋಣ ಎಂದುಕೊಂಡೆವು.

ನಮ್ಮ ಅಭಿಪ್ರಾಯ ಇಷ್ಟು: ಟೋಲ್ಕಿನ್ ಬರೆದ ಪುಸ್ತಕದ ಡೆನೆಥೋರ್ ಮೂರ್ಖನಲ್ಲ. ಯುದ್ಧದ ವಿಷಯದಲ್ಲಿ ಅವನು ತೆಗೆದುಕೊಂಡ ನಿರ್ಧಾರಗಳು ಬಹುಪಾಲು ಸರಿಯೇ ಇದ್ದವು. ಅವನು ಸೋತದ್ದು ಯುದ್ಧತಂತ್ರದಲ್ಲಲ್ಲ, ಬೇರೆ ಕಡೆ. ಆ ಬೇರೆ ಕಡೆ ಯಾವುದು ಎಂದು ತಿಳಿದುಕೊಳ್ಳದೆ ಅವನನ್ನು ನೋಡಿ ನಕ್ಕು ಸುಮ್ಮನಾದರೆ, ಈ ಕತೆ ನಮಗೆ ಹೇಳಬೇಕಾದ ಮುಖ್ಯ ಮಾತೇ ತಪ್ಪಿಹೋಗುತ್ತದೆ.

ಕತೆ ಗೊತ್ತಿಲ್ಲದವರಿಗೆ

ಗೊಂಡೋರ್ ಒಂದು ಹಳೆಯ ರಾಜ್ಯ. ಅಲ್ಲಿ ರಾಜರ ವಂಶ ಕಾಣೆಯಾಗಿ ಶತಮಾನಗಳೇ ಕಳೆದಿವೆ. ರಾಜ ಬರುವ ತನಕ ರಾಜ್ಯವನ್ನು ನೋಡಿಕೊಳ್ಳುವವರು ಪಾರುಪತ್ಯಗಾರರು. ಆ ಸಾಲಿನಲ್ಲಿ ಆಳಿದ 26ನೆಯವನು ಡೆನೆಥೋರ್. ಅವನ ರಾಜಧಾನಿ ಮಿನಾಸ್ ತಿರಿತ್, ಏಳು ಸುತ್ತಿನ ಕೋಟೆಯ ನಗರ. ಪೂರ್ವಕ್ಕೆ ಆಂಡುಯಿನ್ ಎಂಬ ದೊಡ್ಡ ನದಿ, ನದಿಯ ಆಚೆ ಬೆಟ್ಟಸಾಲು, ಅದರಾಚೆ ಮೊರ್ಡೋರ್. ಅಲ್ಲಿ ಸೌರೊನ್ ಎಂಬ ಕತ್ತಲೆಯ ಒಡೆಯ ಇದ್ದಾನೆ. ಅವನ ಶಕ್ತಿಯೆಲ್ಲ ಅಡಗಿರುವ ಉಂಗುರ ಫ್ರೋಡೊ ಎಂಬ ಪುಟ್ಟ ಹಾಬಿಟ್‌ನ ಬಳಿ ಇದೆ. ಅದನ್ನು ನಾಶ ಮಾಡಬೇಕಾದರೆ ಮೊರ್ಡೋರ್‌ನ ಬೆಂಕಿ ಬೆಟ್ಟಕ್ಕೇ ಎಸೆಯಬೇಕು. ಡೆನೆಥೋರನಿಗೆ ಇಬ್ಬರು ಮಕ್ಕಳು. ಹಿರಿಯ ಬೊರೊಮಿರ್ ಆಗಲೇ ಸತ್ತಿದ್ದಾನೆ. ಉಳಿದವನು ಫರಾಮಿರ್.

ಸಿನಿಮಾ ತೋರಿಸದ ಡೆನೆಥೋರ್

ಸಿನಿಮಾದಲ್ಲಿ ಡೆನೆಥೋರ್ ನೆರವು ಕೇಳುವುದಕ್ಕೇ ಒಪ್ಪುವುದಿಲ್ಲ. ಪಿಪ್ಪಿನ್ ಎಂಬ ಹಾಬಿಟ್ ಕದ್ದು ಹತ್ತಿ ಹೋಗಿ ಸಂಕೇತದ ಬೆಂಕಿ ಹಚ್ಚಬೇಕಾಗುತ್ತದೆ. ಬೆಟ್ಟದಿಂದ ಬೆಟ್ಟಕ್ಕೆ ಬೆಂಕಿ ಹರಡುವ ಆ ದೃಶ್ಯ ಬಹಳ ಚೆನ್ನಾಗಿದೆ, ನಮಗೂ ಇಷ್ಟ. ಆದರೆ ಪುಸ್ತಕದಲ್ಲಿ ಪಿಪ್ಪಿನ್ ಮತ್ತು ಗ್ಯಾಂಡಾಲ್ಫ್ ನಗರ ತಲುಪುವುದಕ್ಕೆ ಮೊದಲೇ, ದಾರಿಯಲ್ಲೇ ಆ ಬೆಂಕಿಗಳು ಉರಿಯುತ್ತಿರುವುದನ್ನು ನೋಡುತ್ತಾರೆ. ಹಚ್ಚಿಸಿದವನು ಸ್ವತಃ ಡೆನೆಥೋರ್. ಅಷ್ಟೇ ಅಲ್ಲ, ರೋಹನ್ ರಾಜ್ಯಕ್ಕೆ 'ಕೆಂಪು ಬಾಣ' ಕೊಟ್ಟು ದೂತನನ್ನೂ ಕಳಿಸಿದ್ದಾನೆ. ಬೆಂಕಿ ಕಾಣದೇ ಹೋದರೂ ಮನುಷ್ಯ ತಲುಪಬೇಕು ಎಂದು ಎರಡೆರಡು ದಾರಿ ಮಾಡಿದ್ದಾನೆ.

ಅವನು ಮಾಡಿದ ಬೇರೆ ಸಿದ್ಧತೆಗಳನ್ನೂ ನೋಡಿ. ಮುತ್ತಿಗೆ ಬೀಳುವ ಮೊದಲೇ ಹೆಂಗಸರು, ಮಕ್ಕಳು, ಮುದುಕರನ್ನು ಗಾಡಿಗಳಲ್ಲಿ ದಕ್ಷಿಣದ ಕಣಿವೆಗಳಿಗೆ ಸಾಗಿಸಿದ. ಕೋಟೆಯ ಹೊರಗೆ ಹೊಲಗದ್ದೆಗಳನ್ನು ಸುತ್ತುವರಿದ ರಮ್ಮಾಸ್ ಎಂಬ ಹೊರಗೋಡೆಯನ್ನು ರಿಪೇರಿ ಮಾಡಿಸಿದ. ದಕ್ಷಿಣದ ಸಾಮಂತರಿಗೆಲ್ಲ ಹೇಳಿಕಳಿಸಿದ. ಆದರೆ ಬಂದವರು ಒಟ್ಟು 3,000ಕ್ಕೂ ಕಡಿಮೆ. ಲೊಸ್ಸರ್ನಾಕ್‌ನ ಮುದಿ ದೊರೆ ಫೋರ್ಲೊಂಗ್ 200 ಜನರನ್ನು ಕರೆತಂದ. ಊರಿನವರು ಅದರ ಹತ್ತರಷ್ಟು ನಿರೀಕ್ಷಿಸಿದ್ದರು. ಕಾರಣ, ಉಂಬಾರ್‌ನ ಕಡಲ್ಗಳ್ಳರ ಹಡಗುಗಳು ಕರಾವಳಿಗೆ ಬಂದಿದ್ದವು. ತಮ್ಮ ಮನೆಗೇ ಬೆಂಕಿ ಬೀಳುವಾಗ ರಾಜಧಾನಿಗೆ ಯಾರು ತಾನೇ ಪೂರ್ತಿ ಸೈನ್ಯ ಕಳಿಸುತ್ತಾರೆ?

ಇನ್ನೊಂದು ಸಣ್ಣ ಸಂಗತಿ. ಸಿನಿಮಾದಲ್ಲಿ ತುಪ್ಪಳದ ನಿಲುವಂಗಿ ಹೊದ್ದು ಹೊಟ್ಟೆ ತುಂಬಿಸಿಕೊಳ್ಳುವ ಮನುಷ್ಯ, ಪುಸ್ತಕದಲ್ಲಿ ತನ್ನ ಕರಿಯ ಮೇಲಂಗಿಯನ್ನು ಸರಿಸಿದರೆ ಒಳಗೆ ಉಕ್ಕಿನ ಕವಚ ಕಾಣುತ್ತದೆ. ಮುಪ್ಪಿನಲ್ಲಿ ಮೈ ಮೆತ್ತಗಾಗಬಾರದು ಎಂದು ವರ್ಷಗಳಿಂದ ರಾತ್ರಿ ಮಲಗುವಾಗಲೂ ಅವನು ಕವಚ ಕಳಚಿಲ್ಲ. ಇವನನ್ನು ಹೊಟ್ಟೆಬಾಕ ಎನ್ನುವುದು ಹೇಗೆ?

ಓಸ್ಗಿಲಿಯಾತ್ ನಿರ್ಧಾರ

ಈಗ ದೊಡ್ಡ ಪ್ರಶ್ನೆಗೆ ಬರೋಣ. ನಗರಕ್ಕೂ ನದಿಗೂ ನಡುವೆ ಪೆಲೆನ್ನೋರ್ ಬಯಲು. ನದಿ ದಾಟುವ ಜಾಗದಲ್ಲಿ ಓಸ್ಗಿಲಿಯಾತ್ ಎಂಬ ಪಾಳುಬಿದ್ದ ಊರು. ಡೆನೆಥೋರ್ ಫರಾಮಿರ್‌ನನ್ನು ಅಲ್ಲಿಗೆ ಕಳಿಸಿದ್ದು ಏಕೆ?

ಸಿನಿಮಾದಲ್ಲಿ ಇದಕ್ಕೆ ಯಾವ ಅರ್ಥವೂ ಇಲ್ಲ. ಊರು ಆಗಲೇ ಶತ್ರುವಿನ ಕೈಸೇರಿದೆ, ಒಂದಷ್ಟು ಕುದುರೆ ಸವಾರರು ಬಿಲ್ಲುಗಾರರ ಎದುರಿಗೆ ನೇರವಾಗಿ ನುಗ್ಗುತ್ತಾರೆ. ಯಾವ ಸೇನಾಪತಿಯೂ ಹೀಗೆ ಮಾಡುವುದಿಲ್ಲ. ಪುಸ್ತಕದಲ್ಲಿ ನಡೆಯುವುದೇ ಬೇರೆ. ಅಲ್ಲಿ ಒಂದು ಸಭೆ ಸೇರುತ್ತದೆ, ನಕ್ಷೆ ಇಟ್ಟುಕೊಂಡು ಮಾತಾಡಿದಂತೆ ವಾದ ನಡೆಯುತ್ತದೆ.

ಡೆನೆಥೋರನ ವಾದ ಹೀಗಿದೆ. ದೊಡ್ಡ ಸೈನ್ಯ ನದಿ ದಾಟಲು ಎಲ್ಲ ಕಡೆಯೂ ಆಗುವುದಿಲ್ಲ. ಉತ್ತರದಲ್ಲಿ ಕೈರ್ ಆಂಡ್ರೋಸ್ ದ್ವೀಪದ ಆಚೆ ಜೌಗು ನೆಲ. ದಕ್ಷಿಣದಲ್ಲಿ ನದಿ ಬಲು ಅಗಲ, ಲೆಕ್ಕವಿಲ್ಲದಷ್ಟು ದೋಣಿ ಬೇಕು. ಹಾಗಾಗಿ ಶತ್ರು ತನ್ನ ಭಾರವನ್ನೆಲ್ಲ ಓಸ್ಗಿಲಿಯಾತ್ ಮೇಲೆಯೇ ಹಾಕುತ್ತಾನೆ. ನದಿ ದಾಟುವಾಗ ಸೈನ್ಯ ದುರ್ಬಲವಾಗಿರುತ್ತದೆ, ಆ ಹೊತ್ತಿನಲ್ಲಿ ಹೊಡೆದರೆ ಕಡಿಮೆ ಜನರಿಂದ ಹೆಚ್ಚು ನಷ್ಟ ಮಾಡಬಹುದು. ಅಷ್ಟು ಕಷ್ಟಪಟ್ಟು ಕಟ್ಟಿದ ಹೊರಗೋಡೆಯನ್ನು ಒಂದು ಬಾಣ ಬಿಡದೆ ಬಿಟ್ಟುಕೊಡುವುದೇ?

ಫರಾಮಿರ್ ಇದಕ್ಕೆ ಒಪ್ಪುವುದಿಲ್ಲ. ಅವನ ವಾದವೂ ಗಟ್ಟಿಯಾಗಿದೆ. ನಮಗಿಂತ ಹತ್ತು ಪಟ್ಟು ನಷ್ಟ ಶತ್ರುವಿಗೆ ಆದರೂ ನಮಗೇ ಅದು ದುಬಾರಿ. ಅವನು ಒಂದು ದಂಡನ್ನು ಕಳೆದುಕೊಂಡು ತಡೆದುಕೊಳ್ಳಬಲ್ಲ, ನಾವು ಒಂದು ಸಣ್ಣ ಪಡೆಯನ್ನು ಕಳೆದುಕೊಂಡರೂ ತಡೆದುಕೊಳ್ಳಲಾರೆವು. ಮೇಲಾಗಿ ಬಯಲಿನಲ್ಲಿ ಹಿಮ್ಮೆಟ್ಟುವುದು ತುಂಬಾ ಅಪಾಯ.

ನಾವು ಲೆಕ್ಕ ಹಾಕಿ ನೋಡಿದೆವು. ಆ ಹೊರಗೋಡೆಯ ಉದ್ದ ಹತ್ತು ಲೀಗ್‌ಗೂ ಹೆಚ್ಚು, ಅಂದರೆ ಸುಮಾರು 48 ಕಿಲೋಮೀಟರ್. ಹೊಸದಾಗಿ ಬಂದ 3,000 ಜನರನ್ನೂ ಅದರ ಮೇಲೆ ಸಾಲಾಗಿ ನಿಲ್ಲಿಸಿದರೆ ಒಬ್ಬೊಬ್ಬನಿಗೆ 16 ಮೀಟರ್ ಗೋಡೆ ಬರುತ್ತದೆ. ಇದನ್ನು ಕಾಯಲು ಸಾಧ್ಯವೇ ಇಲ್ಲ. ಆ ಮಟ್ಟಿಗೆ ಫರಾಮಿರ್ ಹೇಳಿದ್ದು ಸರಿ.

ಆದರೆ ಡೆನೆಥೋರ್ ಗೋಡೆಯನ್ನು ಶಾಶ್ವತವಾಗಿ ಉಳಿಸಿಕೊಳ್ಳುವ ಮಾತಾಡುತ್ತಿರಲಿಲ್ಲ. ನಮಗೆ ಅನಿಸುವ ಮಟ್ಟಿಗೆ ಅವನಿಗೆ ಬೇಕಾಗಿದ್ದದ್ದು ಸಮಯ. ರೋಹನ್‌ನ ಸವಾರರು ಹೊರಟಿದ್ದಾರೋ ಇಲ್ಲವೋ ಗೊತ್ತಿಲ್ಲ, ಹೊರಟಿದ್ದರೆ ಬರಲು ದಿನಗಳು ಬೇಕು. ಅಲ್ಲಿಯವರೆಗೆ ಶತ್ರುವನ್ನು ನದಿಯ ಬಳಿ ಒಂದು ದಿನ, ಗೋಡೆಯ ಬಳಿ ಒಂದು ದಿನ ತಡೆದರೂ ಲಾಭವೇ.

ಪುಸ್ತಕದ ಕೊನೆಯಲ್ಲಿ ಟೋಲ್ಕಿನ್ ಕೊಟ್ಟಿರುವ ದಿನಾಂಕಗಳನ್ನು ನೋಡಿ. ಮಾರ್ಚ್ 11ಕ್ಕೆ ಫರಾಮಿರ್ ಓಸ್ಗಿಲಿಯಾತ್‌ಗೆ ಹೋದ. 12ಕ್ಕೆ ಹಿಮ್ಮೆಟ್ಟಿ ಗೋಡೆಯ ಬಳಿಯ ಕಾವಲು ಕೋಟೆಗಳಿಗೆ ಬಂದ. 13ಕ್ಕೆ ಬಯಲು ಶತ್ರುವಿನ ಪಾಲಾಯಿತು, ಫರಾಮಿರ್ ಗಾಯಗೊಂಡ. 14ಕ್ಕೆ ಮುತ್ತಿಗೆ. 15ರ ಬೆಳಗಿನ ಜಾವ ನಗರದ ಬಾಗಿಲು ಮುರಿಯಿತು. ಅದೇ ಹೊತ್ತಿಗೆ ಕೋಳಿ ಕೂಗಿತು, ರೋಹನ್‌ನ 6,000 ಸವಾರರ ಕೊಂಬಿನ ಸದ್ದು ಕೇಳಿಸಿತು. ಬಾಗಿಲು ಒಂದು ದಿನ ಮೊದಲೇ ಮುರಿದಿದ್ದರೆ ಆ ಸವಾರರು ಬಂದು ನೋಡುವುದು ಉರಿಯುವ ನಗರವನ್ನು. ನದಿಯ ಬಳಿ ಮತ್ತು ಗೋಡೆಯ ಬಳಿ ಸಿಕ್ಕಿದ ಒಂದೊಂದು ದಿನದ ಬೆಲೆ ಅದು.

ಅವನ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ ಎಂದು ನಾವು ಹೇಳುವುದಿಲ್ಲ. ಶತ್ರು ಗುಟ್ಟಾಗಿ ತೆಪ್ಪಗಳನ್ನು ರಾಶಿ ರಾಶಿ ಕಟ್ಟಿಸಿಟ್ಟಿದ್ದ, ಹಾಗಾಗಿ ನದಿ ದಾಟುವುದು ಅಂದುಕೊಂಡಷ್ಟು ದುಬಾರಿಯಾಗಲಿಲ್ಲ. ಹಾರುವ ನಜ್ಗೂಲ್‌ಗಳ ಭಯಕ್ಕೆ ಸೈನಿಕರ ಎದೆ ಒಡೆಯಿತು. ಆದರೂ ಕೊನೆಯ ಗಳಿಗೆಯಲ್ಲಿ ಡೆನೆಥೋರ್ ಏನು ಮಾಡಿದ ನೋಡಿ. ನಗರದಲ್ಲಿ ಉಳಿದಿದ್ದ ಕುದುರೆ ಸವಾರರನ್ನೆಲ್ಲ ಬಾಗಿಲ ನೆರಳಲ್ಲಿ ನಿಲ್ಲಿಸಿದ್ದ. ಓಡಿ ಬರುವವರನ್ನು ಕಂಡು ಆತುರಪಡಲಿಲ್ಲ. ಶಿಸ್ತಾಗಿ ಹಿಂದೆಗೆಯುತ್ತಿದ್ದ ಕೊನೆಯ ಪಡೆ ನಗರಕ್ಕೆ ಒಂದು ಮೈಲಿಗಿಂತ ಹತ್ತಿರ ಬಂದ ಮೇಲೆ ಕಹಳೆ ಊದಿಸಿದ. ಇಮ್ರಾಹಿಲ್ ಮುಂದಾಗಿ ಸವಾರರು ನುಗ್ಗಿ ಶತ್ರುವನ್ನು ಚದುರಿಸಿದರು, ಗಾಯಗೊಂಡ ಫರಾಮಿರ್‌ನನ್ನು ಹೊತ್ತು ತಂದರು. ಗೆದ್ದ ಹುಮ್ಮಸ್ಸಿನಲ್ಲಿ ಅವರು ದೂರ ಹೋಗಿ ಸಿಕ್ಕಿಬೀಳುವ ಮೊದಲೇ ಹಿಂದಿರುಗುವ ಕಹಳೆಯನ್ನೂ ಊದಿಸಿದ. ಇದು ಮೂರ್ಖನ ಕೆಲಸವಲ್ಲ.

ಸರಿಯಾದ ನಿರ್ಧಾರ, ತಪ್ಪಾದ ಮಾತು

ಇಷ್ಟೆಲ್ಲ ಹೇಳಿದಾಗ ನಮ್ಮ ಕೂಟದ ಒಬ್ಬ ತಂಗಿ ಕೇಳಿದಳು: 'ಸರಿ ಅಣ್ಣ, ಹಾಗಾದರೆ ಫರಾಮಿರ್‌ಗೆ ಅವನು ಹೇಳಿದ ಮಾತು?'

ಅದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಬೊರೊಮಿರ್ ಬದಲು ನಾನು ಸತ್ತಿದ್ದರೆ ಒಳ್ಳೆಯದಿತ್ತೇ ಎಂದು ಮಗ ಕೇಳಿದಾಗ ಡೆನೆಥೋರ್ ಹೌದು ಎನ್ನುತ್ತಾನೆ. ಸಿನಿಮಾದಲ್ಲಿ ಅಷ್ಟೇ ಅಲ್ಲ, ಪುಸ್ತಕದಲ್ಲೂ ಇದು ಇದೆ. ಹೊರಡುವಾಗ ಮಗ ಬೇಡುವುದು ಇಷ್ಟೇ: ನಾನು ತಿರುಗಿ ಬಂದರೆ ನನ್ನ ಬಗ್ಗೆ ಸ್ವಲ್ಪ ಒಳ್ಳೆಯದಾಗಿ ಯೋಚಿಸಿ. ಅದಕ್ಕೂ ಅಪ್ಪ ಷರತ್ತು ಹಾಕುತ್ತಾನೆ. ಗ್ಯಾಂಡಾಲ್ಫ್ ಓಡಿ ಬಂದು ಫರಾಮಿರ್‌ಗೆ ಹೇಳುತ್ತಾನೆ, ಕಹಿಯಲ್ಲಿ ಪ್ರಾಣ ಚೆಲ್ಲಬೇಡ, ನಿನ್ನ ಅಪ್ಪನಿಗೆ ನಿನ್ನ ಮೇಲೆ ಪ್ರೀತಿಯಿದೆ, ಕೊನೆಗೆ ಅವನಿಗೆ ಅದು ನೆನಪಾಗುತ್ತದೆ ಎಂದು.

ಒಂದು ಆಜ್ಞೆ ಯುದ್ಧದ ಲೆಕ್ಕದಲ್ಲಿ ಸರಿಯಿದ್ದರೂ ಅದನ್ನು ಕೊಟ್ಟ ರೀತಿಯಿಂದ ಪಾಪವಾಗಬಹುದು. 'ಹೋಗು, ಇದು ಕಷ್ಟದ ಕೆಲಸ, ನಿನ್ನಿಂದ ಮಾತ್ರ ಆಗುತ್ತದೆ' ಎಂದು ಕಳಿಸಬಹುದಿತ್ತು. ಅವನು ಬೊರೊಮಿರ್ ಹೆಸರನ್ನು ಚಾಟಿಯ ಹಾಗೆ ಬೀಸಿ ಕಳಿಸಿದ. ನಮ್ಮ ಮನೆಗಳಲ್ಲೂ ಇಂಥದ್ದು ನಡೆಯುತ್ತದೆ. ಅಣ್ಣನ ಹೆಸರು ಹೇಳಿ ತಮ್ಮನನ್ನು ಕುಟುಕುವುದು, ಪಕ್ಕದ ಮನೆಯ ಹುಡುಗಿಯ ಮಾರ್ಕ್ಸ್ ಹೇಳಿ ಮಗಳನ್ನು ಕುಟುಕುವುದು. ಹೇಳುವ ವಿಷಯ ಸರಿಯಿದ್ದರೂ ಕೇಳಿದವರಿಗೆ ಉಳಿಯುವುದು ಗಾಯ ಮಾತ್ರ.

ಟೋಲ್ಕಿನ್ ಕೂಡ ಡೆನೆಥೋರನನ್ನು ಪೂರ್ತಿ ಬಿಟ್ಟುಕೊಡಲಿಲ್ಲ, ಪೂರ್ತಿ ಕ್ಷಮಿಸಲೂ ಇಲ್ಲ. ತಮ್ಮ ಒಂದು ಪತ್ರದಲ್ಲಿ ಅವರು, ಡೆನೆಥೋರನಿಗೆ ಬರೀ ರಾಜಕೀಯದ ಕಲೆ ಅಂಟಿತ್ತು, ಅವನ ಸೋಲಿಗೂ ಫರಾಮಿರ್ ಮೇಲಿನ ಅಪನಂಬಿಕೆಗೂ ಅದೇ ಕಾರಣ ಎಂಬರ್ಥದ ಮಾತು ಬರೆದಿದ್ದಾರೆ. ತನ್ನ ರಾಜ್ಯ ಉಳಿಯುವುದೇ ಅವನಿಗೆ ಎಲ್ಲವೂ ಆಯಿತು. ಯಾವುದಕ್ಕಾಗಿ ಉಳಿಯಬೇಕು ಎಂಬ ಪ್ರಶ್ನೆ ಹಿಂದೆ ಸರಿಯಿತು.

ನಿಜವನ್ನೇ ತೋರಿಸಿ ಮೋಸ ಮಾಡಿದ ಕಲ್ಲು

ಹಾಗಾದರೆ ಅವನು ಮುರಿದದ್ದು ಹೇಗೆ? ಅವನ ಬಳಿ ಪಲಾಂಟೀರ್ ಎಂಬ ಕಲ್ಲಿನ ಗೋಲ ಇತ್ತು. ಅದರಲ್ಲಿ ದೂರದ ಸಂಗತಿಗಳು ಕಾಣುತ್ತವೆ. ಅಂಥದ್ದೇ ಇನ್ನೊಂದು ಕಲ್ಲು ಸೌರೊನ್ ಕೈಯಲ್ಲಿದೆ. ಡೆನೆಥೋರ್ ಗುಟ್ಟಾಗಿ ಗೋಪುರ ಹತ್ತಿ ಅದನ್ನು ನೋಡುತ್ತಿದ್ದ. ಸಾರುಮನ್ ಎಂಬ ಮಾಂತ್ರಿಕನೂ ಇಂಥದ್ದೇ ಕಲ್ಲು ನೋಡಿ ಶತ್ರುವಿನ ಆಳಾದ. ಡೆನೆಥೋರ್ ಆಳಾಗಲಿಲ್ಲ, ಅಷ್ಟು ಗಟ್ಟಿ ಮನಸ್ಸಿನವನು.

ಇಲ್ಲಿ ಟೋಲ್ಕಿನ್ ಒಂದು ಸೂಕ್ಷ್ಮ ಇಟ್ಟಿದ್ದಾರೆ. ಆ ಕಲ್ಲು ಸುಳ್ಳು ತೋರಿಸಲಾರದು. ಸೌರೊನ್‌ಗೂ ಅದರಿಂದ ಸುಳ್ಳು ಹೇಳಿಸಲು ಆಗಲಿಲ್ಲ. ಆದರೆ ಯಾವ ನಿಜ ಕಾಣಬೇಕು ಎಂದು ಆರಿಸಿ ತೋರಿಸಲು ಅವನಿಂದ ಆಗುತ್ತಿತ್ತು. ಮೊರ್ಡೋರ್‌ನ ದಂಡುಗಳು ನಿಜ. ನಮ್ಮಲ್ಲಿ ಜನ ಕಡಿಮೆ ಎಂಬುದು ನಿಜ. ನದಿಯಲ್ಲಿ ಕರಿ ಹಾಯಿಯ ಹಡಗುಗಳು ಬರುತ್ತಿವೆ ಎಂಬುದೂ ನಿಜ.

ಆ ಹಡಗುಗಳಲ್ಲಿ ಇದ್ದವರು ಯಾರು? ಮಾರ್ಚ್ 13ಕ್ಕೇ ಅರಗಾರ್ನ್ ಪೆಲಾರ್ಗಿರ್ ಬಂದರಿನಲ್ಲಿ ಕಡಲ್ಗಳ್ಳರನ್ನು ಓಡಿಸಿ ಹಡಗುಗಳನ್ನು ವಶ ಮಾಡಿಕೊಂಡಿದ್ದ. ಡೆನೆಥೋರನನ್ನು ಹತಾಶೆಗೆ ತಳ್ಳಿದ ಕರಿ ಹಾಯಿಗಳ ಕೆಳಗೆ ಇದ್ದದ್ದು ಅವನ ನಗರವನ್ನು ಉಳಿಸಲು ಬರುತ್ತಿದ್ದ ನೆರವು! ಹಡಗು ಕಂಡಿತು, ಒಳಗೆ ಕೂತವರು ಕಾಣಲಿಲ್ಲ.

ಟೋಲ್ಕಿನ್ ಮೊದಲ ಮಹಾಯುದ್ಧದಲ್ಲಿ, 1916ರಲ್ಲಿ, ಫ್ರಾನ್ಸಿನ ಸೋಮ್ ರಣರಂಗದಲ್ಲಿ ಇದ್ದವರು. ಅಲ್ಲಿ ಅವರ ಕೆಲಸ ಸಂದೇಶ ವಿಭಾಗದ ಅಧಿಕಾರಿಯದು. ತಂತಿ, ಬಾವುಟ, ದೀಪ, ಪಾರಿವಾಳ ಇವುಗಳಿಂದ ಸುದ್ದಿ ಕಳಿಸುವ ಕೆಲಸ. ಅರ್ಧ ತಲುಪಿದ ಸುದ್ದಿ ಎಷ್ಟು ಜನರನ್ನು ಕೊಲ್ಲುತ್ತದೆ ಎಂದು ಅವರಿಗೆ ಪಾಠ ಹೇಳಬೇಕಾಗಿರಲಿಲ್ಲ. ಈ ಯುದ್ಧದ ಕತೆಯಲ್ಲಿ ಬೆಂಕಿ, ಬಾಣ, ದೂತ, ಕಲ್ಲು ಇವಕ್ಕೆಲ್ಲ ಇಷ್ಟು ಮಹತ್ವ ಬಂದದ್ದು ಅದರಿಂದಲೂ ಇರಬಹುದು ಎಂದು ನಮಗೆ ಅನಿಸುತ್ತದೆ.

ಬೈಬಲ್ ಓದುವ ನಮಗೆ ಇಲ್ಲಿ ಸೌಲ ಅರಸ ನೆನಪಾಗುತ್ತಾನೆ. ಸಮುವೇಲನ ಮೊದಲ ಗ್ರಂಥದ 28ನೇ ಅಧ್ಯಾಯದಲ್ಲಿ ಅವನು ವೇಷ ಮರೆಸಿಕೊಂಡು ರಾತ್ರಿ ಏಂದೋರಿನ ಮಾಟಗಾತಿಯ ಬಳಿ ಹೋಗುತ್ತಾನೆ. ಅಲ್ಲಿ ಕೇಳಿಸಿಕೊಂಡದ್ದು ಸುಳ್ಳಲ್ಲ. ಆದರೆ ಅದನ್ನು ಕೇಳಿದ ಮೇಲೆ ಅವನಿಗೆ ನೆಲದಿಂದ ಏಳಲು ಶಕ್ತಿಯಿರಲಿಲ್ಲ. ಮರುದಿನ ಗಿಲ್ಬೋವ ಬೆಟ್ಟದಲ್ಲಿ ತನ್ನ ಕತ್ತಿಯ ಮೇಲೆ ತಾನೇ ಬಿದ್ದ. ನಿಜ ತಿಳಿಯುವುದು ಬೇರೆ, ಅದನ್ನು ಯಾರಿಂದ, ಯಾವ ಮನಸ್ಸಿನಲ್ಲಿ ತಿಳಿಯುತ್ತೇವೆ ಎಂಬುದು ಬೇರೆ.

ನಮ್ಮ ಕೈಯಲ್ಲಿರುವ ಫೋನ್ ಬಗ್ಗೆ ಇಲ್ಲಿ ಬೇರೆ ಹೇಳಬೇಕಾಗಿಲ್ಲ. ರಾತ್ರಿ ಒಂದು ಗಂಟೆಗೆ ಅದು ತೋರಿಸುವ ಸಂಗತಿಗಳು ಬಹುಪಾಲು ನಿಜವೇ ಇರಬಹುದು. ಆರಿಸಿದವರು ಯಾರು ಎಂದು ಕೇಳಿಕೊಳ್ಳಬೇಕು, ಅಷ್ಟೆ.

ಒಂದೇ ಲೆಕ್ಕ, ಎರಡು ದಾರಿ

ಹತಾಶೆಯಿಂದ ಆದ ಅನಾಹುತ ಸಣ್ಣದಲ್ಲ. ಬಾಗಿಲಿನ ಬಳಿ ಸೈನಿಕರು ಸಾಯುತ್ತಿರುವಾಗ ಆಜ್ಞೆ ಕೊಡುವವರೇ ಇರಲಿಲ್ಲ, ಗ್ಯಾಂಡಾಲ್ಫ್ ಆ ಭಾರ ಹೊರಬೇಕಾಯಿತು. ಡೆನೆಥೋರ್ ಚಿತೆ ಕಟ್ಟಿಸಿ, ಜ್ವರದಲ್ಲಿ ಬಿದ್ದಿದ್ದ ಮಗನನ್ನೂ ಜೊತೆಗೆ ಸುಡಲು ಹೊರಟ. ಪಿಪ್ಪಿನ್ ಮತ್ತು ಬೆರೆಗೊಂಡ್ ಎಂಬ ಕಾವಲುಗಾರ ಇಲ್ಲದಿದ್ದರೆ ಫರಾಮಿರ್ ಉಳಿಯುತ್ತಿರಲಿಲ್ಲ. ಅವನನ್ನು ಉಳಿಸಲು ಗ್ಯಾಂಡಾಲ್ಫ್ ರಣರಂಗಕ್ಕೆ ಹೋಗುವುದನ್ನು ಬಿಟ್ಟು ಬಂದ. ನಾನು ಹೀಗೆ ಮಾಡಿದರೆ ಅಲ್ಲಿ ಬೇರೆಯವರು ಸಾಯುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಅದೇ ಹೊತ್ತಿನಲ್ಲಿ ಬಯಲಿನಲ್ಲಿ ರೋಹನ್‌ನ ರಾಜ ಥಿಯೋಡೆನ್ ಬಿದ್ದ.

ಮರುದಿನ, ಮಾರ್ಚ್ 16ಕ್ಕೆ, ಗೆದ್ದ ನಾಯಕರು ಸಭೆ ಸೇರುತ್ತಾರೆ. ನಮಗೆ ಇಡೀ ಪುಸ್ತಕದಲ್ಲಿ ಅತಿ ಮುಖ್ಯ ಅನಿಸುವ ಭಾಗ ಇದು. ಅಲ್ಲಿ ಗ್ಯಾಂಡಾಲ್ಫ್ ಎದ್ದು ನಿಂತು ಡೆನೆಥೋರನ ಕೊನೆಯ ಮಾತುಗಳನ್ನೇ ನೆನಪಿಸಿ, ಅವುಗಳಲ್ಲಿ ನಿಜವಿದೆ ಎನ್ನುತ್ತಾನೆ. ಆಯುಧಗಳಿಂದ ಸೌರೊನ್‌ನನ್ನು ಗೆಲ್ಲಲು ಆಗುವುದಿಲ್ಲ, ಇಂದು ಗೆದ್ದದ್ದು ಅವನ ಸೈನ್ಯದ ಒಂದು ಭಾಗವನ್ನು ಮಾತ್ರ. ಡೆನೆಥೋರ್ ಕೂಡ ಹೇಳಿದ್ದು ಇದನ್ನೇ. ಲೆಕ್ಕ ಒಂದೇ. ಅದರಿಂದ ಡೆನೆಥೋರ್ ತೆಗೆದ ಉತ್ತರ 'ಹಾಗಾದರೆ ಎಲ್ಲ ಮುಗಿಯಿತು'. ಗ್ಯಾಂಡಾಲ್ಫ್ ಮತ್ತು ಅರಗಾರ್ನ್ ತೆಗೆದ ಉತ್ತರ 'ಹಾಗಾದರೆ ನಾವು ಗೆಲ್ಲಬೇಕಾಗಿಲ್ಲ, ಫ್ರೋಡೊಗೆ ದಾರಿ ಮಾಡಿಕೊಡಬೇಕು'.

ಇದು ಬರೀ ಭಾವುಕತೆಯಲ್ಲ, ಇದರ ಹಿಂದೆ ತಂತ್ರವಿದೆ. ಉಂಗುರವನ್ನು ಯಾರಾದರೂ ನಾಶ ಮಾಡಬಹುದು ಎಂಬುದು ಸೌರೊನ್‌ನ ತಲೆಗೇ ಹೊಳೆಯದು. ಅಧಿಕಾರ ಸಿಕ್ಕವನು ಅದನ್ನು ಬಳಸಿಯೇ ಬಳಸುತ್ತಾನೆ ಎಂದು ಅವನು ನಂಬಿದ್ದಾನೆ. ಆದ್ದರಿಂದ ಸಣ್ಣ ಸೈನ್ಯವೊಂದು ಮೊರ್ಡೋರ್‌ನ ಕರಿ ಬಾಗಿಲಿಗೆ ಬಂದು ಸವಾಲು ಹಾಕಿದರೆ, ಉಂಗುರ ಅರಗಾರ್ನ್ ಬಳಿ ಇದೆ, ಆ ಸೊಕ್ಕಿನಿಂದಲೇ ಬಂದಿದ್ದಾನೆ ಎಂದು ಅವನು ತಿಳಿಯುತ್ತಾನೆ. ತನ್ನ ದಂಡನ್ನೆಲ್ಲ ಒಳನಾಡಿನಿಂದ ಅಲ್ಲಿಗೆ ಕರೆಸುತ್ತಾನೆ. ಫ್ರೋಡೊ ಹೋಗುವ ದಾರಿ ಖಾಲಿಯಾಗುತ್ತದೆ.

ಡೆನೆಥೋರ್ ಉಂಗುರದ ವಿಷಯದಲ್ಲಿ ಏನು ಹೇಳಿದ್ದ? ಅದನ್ನು ಇಲ್ಲಿಗೆ ತಂದು ಆಳದಲ್ಲಿ ಬಚ್ಚಿಡಬೇಕಿತ್ತು, ಬಳಸಬಾರದು, ತೀರಾ ಕೊನೆಯ ಗಳಿಗೆಯ ಹೊರತು. ಒಬ್ಬ ಪುಟ್ಟ ಹಾಬಿಟ್‌ನ ಕೈಗೆ ಕೊಟ್ಟು ಶತ್ರುವಿನ ಮನೆಗೇ ಕಳಿಸಿದ್ದು ಹುಚ್ಚುತನ. ಕೇಳಿದರೆ ಇದೇ ಜಾಣತನ ಅನಿಸುತ್ತದೆ. ಆದರೆ ಅವನ 'ಕೊನೆಯ ಗಳಿಗೆಯ ಹೊರತು' ಎಂಬ ಮಾತಿನಲ್ಲೇ ಅಪಾಯ ಇತ್ತು. ಕೊನೆಯ ಗಳಿಗೆ ಬಂದೇ ಬಂತು, ಮಗ ಸಾಯುತ್ತಿದ್ದಾನೆ ಎಂದುಕೊಂಡ ಆ ರಾತ್ರಿ ಉಂಗುರ ಅವನ ನೆಲಮಾಳಿಗೆಯಲ್ಲಿ ಇದ್ದಿದ್ದರೆ ಏನಾಗುತ್ತಿತ್ತು?

ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಒಂದು ಸಾಮತಿ ಹೇಳುತ್ತಾರೆ. ಹತ್ತು ಸಾವಿರ ಜನರಿರುವ ಅರಸ, ಇಪ್ಪತ್ತು ಸಾವಿರ ಜನರೊಂದಿಗೆ ಬರುವವನನ್ನು ಎದುರಿಸಲು ಆದೀತೇ ಎಂದು ಮೊದಲು ಕುಳಿತು ಯೋಚಿಸುವುದಿಲ್ಲವೇ ಎಂದು. ಹಾಗಾಗಿ ಲೆಕ್ಕ ಹಾಕುವುದು ಅವಿಶ್ವಾಸವಲ್ಲ. ಅರಗಾರ್ನ್ ಕೂಡ ಲೆಕ್ಕ ಹಾಕಿಯೇ ಹೊರಟ. ಮಾರ್ಚ್ 18ಕ್ಕೆ ಹೊರಟವರು ಸುಮಾರು 7,000. ಮೊದಲು ನಗರಕ್ಕೆ ಕಾವಲು ಇಟ್ಟ, ಪಶ್ಚಿಮದ ದಾರಿಗೆ 3,000 ಸವಾರರನ್ನು ಬಿಟ್ಟ. ಸಾಮತಿಯ ಕೊನೆಯನ್ನೂ ಮರೆಯಬಾರದು. ಅಲ್ಲಿ ಯೇಸುಸ್ವಾಮಿ ಕೇಳುವುದು ತನ್ನದೆಲ್ಲವನ್ನೂ ಬಿಟ್ಟುಕೊಡಲು ಸಿದ್ಧನಾದವನನ್ನು. ಡೆನೆಥೋರ್ ಲೆಕ್ಕ ಹಾಕಿದ, ಬಿಟ್ಟುಕೊಡಲು ಮಾತ್ರ ಆಗಲಿಲ್ಲ.

ಆ ದಾರಿಯಲ್ಲಿ ನಡೆದ ಒಂದು ಘಟನೆ ನಮಗೆ ಬಹಳ ಇಷ್ಟ. ಮೊರ್ಡೋರ್ ಹತ್ತಿರವಾದಂತೆ ಕೆಲವು ಯುವಕರ ಕಾಲು ಮುಂದೆ ಹೋಗಲಿಲ್ಲ. ರೋಹನ್‌ನ ಹುಡುಗರು, ಲೊಸ್ಸರ್ನಾಕ್‌ನ ಬೇಸಾಯಗಾರರು. ಅರಗಾರ್ನ್ ಅವರನ್ನು ಬೈಯಲಿಲ್ಲ, ಬೇರೆಯವರ ಹೆಸರು ಹೇಳಿ ಕುಟುಕಲಿಲ್ಲ. ಕೈರ್ ಆಂಡ್ರೋಸ್ ದ್ವೀಪ ಶತ್ರುವಿನ ಕೈಯಲ್ಲಿದೆ, ಅದನ್ನು ಬಿಡಿಸಿಕೊಳ್ಳಿ, ಅದು ನಿಮ್ಮಿಂದ ಆಗುವ ಕೆಲಸ ಎಂದು ಕಳಿಸಿದ. ಕೆಲವರಿಗೆ ಈ ದಯೆಯಿಂದಲೇ ಧೈರ್ಯ ಬಂದು ಮುಂದೆ ನಡೆದರು, ಉಳಿದವರು ತಲೆ ತಗ್ಗಿಸದೆ ಆ ಕೆಲಸಕ್ಕೆ ಹೋದರು. ಫರಾಮಿರ್‌ನನ್ನು ಕಳಿಸಿದ ರೀತಿಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ.

ಅದೃಷ್ಟ ಅಲ್ಲವೇ?

'ಕೊನೆಗೆ ಗೆದ್ದದ್ದು ಲೇಖಕರು ಗೆಲ್ಲಿಸಿದ್ದರಿಂದ ತಾನೇ? ಗೊಲ್ಲುಂ ಕಾಲು ಜಾರಿ ಬೀಳದಿದ್ದರೆ ಡೆನೆಥೋರ್ ಹೇಳಿದ್ದೇ ನಿಜವಾಗುತ್ತಿತ್ತು' ಎಂದು ನಮ್ಮಲ್ಲೇ ಒಬ್ಬರು ವಾದಿಸಿದರು. ಈ ಪ್ರಶ್ನೆಯನ್ನು ತಳ್ಳಿಹಾಕಲು ಬರುವುದಿಲ್ಲ. ಬಾಗಿಲ ಬಳಿ ನಿಂತ ಅರಗಾರ್ನ್‌ಗೂ ತಾನು ಬದುಕುತ್ತೇನೆ ಎಂಬ ಖಾತ್ರಿ ಇರಲಿಲ್ಲ. ಸುತ್ತ ಹತ್ತು ಪಟ್ಟಿಗೂ ಹೆಚ್ಚು ಶತ್ರುಗಳು. ಮಾರ್ಚ್ 25ರಂದು ಉಂಗುರ ನಾಶವಾಗದಿದ್ದರೆ ಅವರೆಲ್ಲ ಅಲ್ಲೇ ಮಣ್ಣಾಗುತ್ತಿದ್ದರು.

ನಮ್ಮ ಉತ್ತರ ಇದು. ಟೋಲ್ಕಿನ್ ತಮ್ಮ ಬರಹಗಳಲ್ಲಿ ಎಲ್ವ್‌ಗಳ ಭಾಷೆಯಲ್ಲಿ ಭರವಸೆಗೆ ಎರಡು ಪದ ಕೊಟ್ಟಿದ್ದಾರೆ. 'ಅಮ್ದಿರ್' ಎಂದರೆ ಕಾಣುವ ಕಾರಣದ ಮೇಲೆ ಒಳ್ಳೆಯದಾಗಬಹುದು ಎಂದುಕೊಳ್ಳುವುದು. 'ಎಸ್ತೆಲ್' ಎಂದರೆ ಕಾರಣ ಕಾಣದಿದ್ದಾಗಲೂ ಉಳಿಯುವ ನಂಬಿಕೆ. ಅರಗಾರ್ನ್ ಬಾಲ್ಯದಲ್ಲಿ ಬೆಳೆದದ್ದು ಎಸ್ತೆಲ್ ಎಂಬ ಹೆಸರಿನಲ್ಲೇ. ನಮ್ಮಲ್ಲಿ ವಿಶ್ವಾಸ, ಭರವಸೆ, ಪ್ರೀತಿ ಎನ್ನುತ್ತೇವೆ, ಸಿಎಸ್‌ಐ ಸಭೆಯ ಗೆಳೆಯರು ನಂಬಿಕೆ, ನಿರೀಕ್ಷೆ, ಪ್ರೀತಿ ಎನ್ನುತ್ತಾರೆ. ಯಾವ ಪದ ಹೇಳಿದರೂ ಅದು ಮಳೆ ಬರುತ್ತದೋ ಇಲ್ಲವೋ ಎಂಬ ವರದಿಯಲ್ಲ. ಮಳೆ ಬರದೇ ಹೋದರೂ ಬಿತ್ತುವವನ ಮನಸ್ಸು ಅದು. ಡೆನೆಥೋರನಲ್ಲಿ ಇದ್ದದ್ದು ಮೊದಲನೆಯ ಬಗೆಯ ಭರವಸೆ ಮಾತ್ರ. ಕಾರಣಗಳು ಮುಗಿದ ದಿನ ಅದೂ ಮುಗಿಯಿತು.

ಟೋಲ್ಕಿನ್ ಕಥೋಲಿಕರು. ತಮ್ಮ ಈ ಕೃತಿ ಮೂಲದಲ್ಲಿ ಧಾರ್ಮಿಕ ಮತ್ತು ಕಥೋಲಿಕ ಕೃತಿ ಎಂದು 1953ರಲ್ಲಿ ಒಬ್ಬ ಯೇಸುಸಭೆಯ ಗೆಳೆಯರಿಗೆ ಬರೆದಿದ್ದರು. ಉಂಗುರ ನಾಶವಾದ ಮಾರ್ಚ್ 25 ನಮ್ಮ ಮಂಗಳವಾರ್ತೆಯ ಹಬ್ಬದ ದಿನ. ಪುಸ್ತಕದಲ್ಲಿ ಎಲ್ಲೂ ಅವರು ಇದನ್ನು ಬೆರಳಿಟ್ಟು ತೋರಿಸುವುದಿಲ್ಲ.

ಕೊನೆಗೆ

ನಾವು ಡೆನೆಥೋರನ ಪರ ಇಷ್ಟು ಉದ್ದ ಬರೆಯಲು ಒಂದು ಕಾರಣವಿದೆ. ಅವನನ್ನು ಮೂರ್ಖ ಎಂದುಬಿಟ್ಟರೆ ನಮಗೆ ನೆಮ್ಮದಿ. ನಾವು ಮೂರ್ಖರಲ್ಲವಲ್ಲ, ನಮಗೆ ಹಾಗಾಗುವುದಿಲ್ಲ ಎಂದು ಮನೆಗೆ ಹೋಗಬಹುದು. ಆದರೆ ಹತಾಶೆ ದಡ್ಡರಿಗೆ ಮಾತ್ರ ಬರುವುದಿಲ್ಲ. ಚೆನ್ನಾಗಿ ಯೋಚಿಸುವವರಿಗೆ, ಎಲ್ಲ ಜವಾಬ್ದಾರಿ ಒಬ್ಬರೇ ಹೊತ್ತವರಿಗೆ, ಯಾರಿಗೂ ಹೇಳದೆ ಒಬ್ಬರೇ ಕೋಣೆಯಲ್ಲಿ ಕುಳಿತು ಲೆಕ್ಕ ಹಾಕುವವರಿಗೆ ಅದು ಹೆಚ್ಚಾಗಿ ಬರುತ್ತದೆ. ಡೆನೆಥೋರ್ ಗೋಪುರದ ಕೋಣೆಗೆ ಒಬ್ಬನೇ ಹೋಗುತ್ತಿದ್ದ. ಜೊತೆಗೆ ಒಬ್ಬರಾದರೂ ಇದ್ದಿದ್ದರೆ 'ಹಡಗಿನಲ್ಲಿ ಇರುವವರು ಯಾರೆಂದು ಇನ್ನೂ ಗೊತ್ತಿಲ್ಲವಲ್ಲ ಸ್ವಾಮಿ' ಎಂದು ಹೇಳುತ್ತಿದ್ದರೇನೋ.

ಹಾಗೆ ತೀರಿಹೋದವರ ಬಗ್ಗೆ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಅಂಥವರ ನಿತ್ಯ ರಕ್ಷಣೆಯ ವಿಷಯದಲ್ಲಿ ಭರವಸೆ ಕಳೆದುಕೊಳ್ಳಬಾರದು ಎಂದೇ ಧರ್ಮಸಭೆ ಕಲಿಸುತ್ತದೆ. ನಮ್ಮ ಕೆಲಸ ಅದಕ್ಕಿಂತ ಮುಂಚಿನದು. ನಿಮ್ಮ ಗೆಳೆಯನೋ, ಅಕ್ಕನೋ, ಅಪ್ಪನೋ ಅಂಥ ಕೋಣೆಯಲ್ಲಿ ಕುಳಿತಿದ್ದಾರೆ ಅನಿಸಿದರೆ ಲೆಕ್ಕ ತಪ್ಪು ಎಂದು ವಾದ ಮಾಡಬೇಡಿ. ಪಿಪ್ಪಿನ್ ವಾದ ಮಾಡಲಿಲ್ಲ, ಓಡಿ ಹೋಗಿ ಸಹಾಯ ಮಾಡಬಲ್ಲವರನ್ನು ಕರೆತಂದ. ಬಾಗಿಲು ತಟ್ಟಿ, ಪಕ್ಕದಲ್ಲಿ ಕೂತುಕೊಳ್ಳಿ, ದೊಡ್ಡವರಿಗೆ ತಿಳಿಸಿ. ಆ ಕೋಣೆಯಲ್ಲಿ ಇರುವವರು ನೀವೇ ಆಗಿದ್ದರೆ ದಯವಿಟ್ಟು ನಮ್ಮಲ್ಲಿ ಯಾರಿಗಾದರೂ ಹೇಳಿ, ಎಷ್ಟು ಹೊತ್ತಾಗಿದ್ದರೂ ಸರಿ.

ಪುಸ್ತಕ ಓದಬೇಕು ಅನಿಸಿದವರು ಮೂರನೆಯ ಸಂಪುಟದ ಮೊದಲ ಅರ್ಧವನ್ನಾದರೂ ಓದಿ. ನಮ್ಮ ಅಭಿಪ್ರಾಯ ಒಪ್ಪದವರು ಭಾನುವಾರ ಬಲಿಪೂಜೆ ಮುಗಿದ ಮೇಲೆ ಹಾಲಿನ ಬಳಿ ಸಿಗಿ. ಓಸ್ಗಿಲಿಯಾತ್ ವಿಷಯದಲ್ಲಿ ಫರಾಮಿರ್ ಪಕ್ಷ ಹಿಡಿದಿರುವವರು ನಮ್ಮ ಕೂಟದಲ್ಲೇ ಐದು ಜನ ಇದ್ದಾರೆ, ಅವರಿಗೂ ಬೆಂಬಲ ಬೇಕಾಗಿದೆ.